ಬಾಬಯ್ಯ ಸೀಮೆಗೆ ಹೋದ ವರ್ಷ

ಇವತ್ತೊಂದು ಸಂಜೆ ಮೋಡ ಮುಚ್ಚಿಕೊಂಡರೆ ಸಾಕಪ್ಪಾ ಎಂದು ಗುಲಾಮ್ ರಸೂಲ್ ಬೆಳಗಿನಿಂದ ಹತ್ತು ಸಲವಾದರೂ ಆಕಾಶ ನೋಡಿದ್ದ. ಆಕಾಶವೋ, ದೀಪಾವಳಿ ಕಳೆದ ಎರಡನೆಯ ದಿನದ ಆಕಾಶ, ಒಗೆದು ಹರವಿದ ಪಂಚೆಯ ಹಾಗೆ ಒಂದು ಕಲೆಯೂ ಇಲ್ಲದೆ ಬಿದ್ದುಕೊಂಡಿತ್ತು. ಪಡುವಣದಲ್ಲಿ ಮೊಹರಂ ಚಂದ್ರ ಇವತ್ತು ಕಾಣದೆ ಇರುವ ಮಾತೇ ಇರಲಿಲ್ಲ. ಊರಿನ ಸಾಬರೆಲ್ಲ ಚಂದ್ರ ಕಾಣಲಿ ಎಂದು ಮಾಳಿಗೆ ಹತ್ತುವ ದಿನ ಹೊಸಕೋಟೆಯ ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಒಬ್ಬ ಮಾತ್ರ ಅದು ಕಾಣದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಬೇಡಿಕೊಳ್ಳುವುದಾದರೂ ಯಾರನ್ನು? ಆ ಯೋಚನೆ ಬಂದದ್ದೇ ತಡ ಕಿವಿ ಬಿಸಿಯಾಗಿ, ಯಾರಾದರೂ ಕಂಡುಬಿಟ್ಟರೇನೋ ಎಂಬಂತೆ ಅತ್ತಿತ್ತ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ಅವನ ಬಾಳು. ಕೋಟಿನ ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಸರ್ಕಾರಿ ಕಾಗದವಿತ್ತು. ಅದು ಬಂದು ಹನ್ನೊಂದು ದಿನವಾಗಿತ್ತು. ಬಾಬಯ್ಯ ಈ ಹಬ್ಬಕ್ಕೆ ವಾಪಸು ಬರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಹನ್ನೊಂದು ದಿನದಿಂದ ಅವನು ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಹೆಂಡತಿ ಅನ್ವರ್ ಬೇಗಂ ಒಳಗೆ ಕೂತು ಹಸಿರು ಬಟ್ಟೆಗೆ ಜರಿಯ ಅಂಚು ಹಚ್ಚುತ್ತಿದ್ದಳು. ಪ್ರತಿ ವರ್ಷ ಬಾಬಯ್ಯನಿಗೆ ಉಡಿಸುವ ಬಟ್ಟೆ ಈ ಮನೆಯಿಂದಲೇ ಹೋಗಬೇಕು. ಅವಳ ಅತ್ತೆ ಹೊಲಿಯುತ್ತಿದ್ದಳು, ಈಗ ಇವಳು. "ಈ ಸಲ ಜರಿ ಜಾಸ್ತೀನೇ ಹಾಕಿದೀನಿ ಜೀ," ಎಂದಳು ಸೂಜಿಯಿಂದ ಕಣ್ಣೆತ್ತದೆ. "ಸಮುದ್ರ ದಾಟಿ ಸೀಮೆಗೆ ಹೋಗಿ ಬಂದಿರೋರು, ನಾಲ್ಕು ಜನ ದೊರೆಗಳು ನೋಡಿರೋರು. ಮೊದಲಿನ ಹಾಗೆ ಬೋಳು ಬಟ್ಟೆ ಉಡಿಸಿದ್ರೆ ಏನನ್ಕೋತಾರೆ?" ರಸೂಲ್ "ಹೂಂ" ಎಂದ. ಆ ಹೂಂಗೆ ಅವನಿಗೇ ಹೇಸಿಗೆಯಾಯಿತು. ಈಗಲಾದರೂ ಹೇಳಿಬಿಡೋ, ಎಂದು ಒಳಗಿನದೊಂದು ದನಿ ಅಂದಿತು. ಅವಳು ದಾರ ಕಚ್ಚಿ ಕಡಿದು, ಬಟ್ಟೆಯನ್ನು ಬೆಳಕಿಗೆ ಹಿಡಿದು, ಹೇಗಿದೆ ಎಂಬಂತೆ ನಕ್ಕಳು. ಆ ನಗುವಿನ ಎದುರಿಗೆ ಯಾರು ಬಾಯಿ ಬಿಟ್ಟಾರು! ಅವನು ಬಟ್ಟೆಯ ಗಂಟನ್ನೂ ಸಕ್ಕರೆಯ ಪೊಟ್ಟಣವನ್ನೂ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು, ಬಿಸಿಲು ಇಳಿಯುವ ಹೊತ್ತಿಗೆ ಅನುಗೊಂಡನಹಳ್ಳಿಯ ದಾರಿ ಹಿಡಿದ.

ಬಾಬಯ್ಯ ಎಂದರೆ ಐದು ಬೆರಳು ಬಿಡಿಸಿದ ಒಂದು ಹಸ್ತ. ಹಿತ್ತಾಳೆಯದು, ಮೊಳಕ್ಕೆ ಚೂರು ಕಮ್ಮಿ, ಅಂಗೈಯಲ್ಲಿ ಸವೆದುಹೋದ ಎರಡು ಸಾಲು ಅಕ್ಷರ. ಅನುಗೊಂಡನಹಳ್ಳಿಯಿಂದಾಚೆ ಎರಡು ಮೈಲಿಯ ಒಂದು ಹಳ್ಳಿಯಲ್ಲಿ, ಪಿಳ್ಳಪ್ಪ ಎಂಬ ಒಕ್ಕಲಿಗನ ಮನೆಯ ಅಟ್ಟದ ಮೇಲೆ, ಒಂದು ಹಲಸಿನ ಪೆಟ್ಟಿಗೆಯಲ್ಲಿ ಅದು ವರ್ಷವೆಲ್ಲ ಮಲಗಿರುತ್ತಿತ್ತು. ಮೊಹರಂ ಚಂದ್ರ ಕಂಡ ಸಂಜೆ ಪೆಟ್ಟಿಗೆ ಇಳಿಸಬೇಕು. ಇಳಿಸುವವರು ಪಿಳ್ಳಪ್ಪನ ಮನೆಯವರೇ ಆಗಬೇಕು. ಆದರೆ ಮುಚ್ಚಳ ತೆಗೆಯುವ ಮೊದಲು ರಸೂಲನ ಮನೆಯವರೊಬ್ಬರು ಸಕ್ಕರೆಯ ಮುಂದೆ ಕೂತು ಕುರಾನಿನ ಫಾತೆಹ ಓದಬೇಕು. ಇಡುವವರ ಮನೆ, ಓದುವವರ ಮನೆ ಎಂದೇ ಊರಲ್ಲಿ ಹೆಸರು. ಇವರಿಲ್ಲದೆ ಅವರು ಪೆಟ್ಟಿಗೆ ಮುಟ್ಟುವಂತಿಲ್ಲ, ಅವರಿಲ್ಲದೆ ಇವರಿಗೆ ಓದುವುದಕ್ಕೆ ಏನೂ ಇಲ್ಲ. ಇದನ್ನು ಯಾರು ಯಾವಾಗ ಹಂಚಿದರೋ, ಕೇಳಿದರೆ ಹಳ್ಳಿಯವರು "ಅವಾಗ್ನಿಂದ್ಲೂ ಹಂಗೇ ಕಣ್ರೀ" ಎನ್ನುತ್ತಿದ್ದರು. ಅಬ್ಬಾ ಇರುವವರೆಗೆ ಅಬ್ಬಾ ಓದುತ್ತಿದ್ದರು. ಓದುತ್ತ ಓದುತ್ತ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒಕ್ಕಲಗಿತ್ತಿಯರು ಕೂಸುಗಳನ್ನು ತಂದು ಅವರ ಮುಂದೆ ಮಲಗಿಸುತ್ತಿದ್ದರು. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ, ಟೈ ಕಟ್ಟಲು ಕಲಿತು ಬಂದ ರಸೂಲನಿಗೆ ಆ ಕಣ್ಣೀರು ನೋಡಿದರೆ ಮುಜುಗರ. ಅಬ್ಬಾ ತೀರಿಕೊಂಡ ಮೇಲೆ ಓದುವ ಪಾಳಿ ಅವನಿಗೆ ಬಂತು. ಹೊಸ ಮೌಲ್ವಿ ಇವೆಲ್ಲ ದೀನಿಗೆ, ಧರ್ಮಕ್ಕೆ, ಹೊರಗು ಎನ್ನುತ್ತಾನೆಂದು ತಾನು ಓದುವುದನ್ನು ಮಸೀದಿಯಲ್ಲಿ ಹೇಳುತ್ತಿರಲಿಲ್ಲ, ನಗುತ್ತಾರೆಂದು ಮೇಷ್ಟ್ರುಗಳ ಕೋಣೆಯಲ್ಲೂ ಹೇಳುತ್ತಿರಲಿಲ್ಲ. ಹಬ್ಬದ ಹೊತ್ತಿಗೆ ಜಮೀನು ನೋಡಿಕೊಂಡು ಬರುತ್ತೇನೆ ಎಂದು ಹೆಡ್ ಮೇಷ್ಟ್ರಿಗೆ ರಜಾ ಅರ್ಜಿ ಬರೆಯುತ್ತಿದ್ದ. ಜಮೀನು ಮಾರಿ ಎಷ್ಟೋ ವರ್ಷವಾಗಿತ್ತು.

ರಸ್ತೆಯ ಎರಡೂ ಕಡೆ ರಾಗಿ ತೆನೆ ಕಟ್ಟಿ ಬಾಗಿತ್ತು. ಇದ್ದಿಲು ಬಸ್ಸೊಂದು ಬುಸುಗುಟ್ಟುತ್ತ ಎದುರಿಗೆ ಬಂದು, ಧೂಳಿನಲ್ಲಿ ಅವನನ್ನು ಮುಳುಗಿಸಿ ಹೋಯಿತು. ಬಾಯೊಳಗಿನ ಧೂಳು ಉಗುಳಿ ಪೆಡಲು ತುಳಿದ. ಅವನ ಅಕ್ಷರ ಚೆನ್ನಾಗಿರದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಹೆಡ್ ಮೇಷ್ಟ್ರು ಕರೆಸಿ, "ರಸೂಲ್, ನಿಮ್ಮ ಕೈಬರಹ ಮುತ್ತು ಕಣ್ರೀ, ಇದನ್ನ ನೀವೇ ತುಂಬಿಕೊಡಿ," ಎಂದು ನಾಲ್ಕು ಹಾಳೆಯ ಇಂಗ್ಲಿಷ್ ನಮೂನೆ ಕೊಟ್ಟಿದ್ದರು. ಲೋಕದ ದೇಶಗಳೆಲ್ಲ ಯುದ್ಧ ಮುಗಿದ ಮೇಲೆ ಕೂಡಿ ಒಂದು ಸಂಸ್ಥೆ ಮಾಡಿಕೊಂಡಿದ್ದವಂತೆ. ಒಬ್ಬರ ಬದುಕನ್ನು ಒಬ್ಬರು ಅರಿಯದಿರುವುದರಿಂದಲೇ ಜನ ಹೊಡೆದಾಡುತ್ತಾರೆ, ಆದ್ದರಿಂದ ಪ್ರತಿಯೊಂದು ದೇಶವೂ ತನ್ನ ಜನದ ಹಾಡು, ಕುಣಿತ, ಕೈಗೆಲಸ, ಆಚಾರಗಳನ್ನು ಹುಡುಕಿ ಬರೆದುಕೊಳ್ಳಲಿ, ಅವು ಅಳಿಯದಂತೆ ಕಾಯುವುದಕ್ಕೆ ಒಂದು ನೀತಿ ಮಾಡಿಕೊಳ್ಳಲಿ, ಬೇರೆ ದೇಶಗಳಿಗೂ ತೋರಿಸಲಿ ಎಂದು ಮೊದಲ ಹಾಳೆಯಲ್ಲಿತ್ತು. ಅದನ್ನು ಓದಿದ ದಿನ ರಸೂಲ್ ನಿಜಕ್ಕೂ ಹಿಗ್ಗಿದ್ದ. ಮನುಷ್ಯ ಕೆಟ್ಟವನಲ್ಲ, ಅದನ್ನು ಹೇಳಬೇಕು. ಆ ಹಾಳೆಯನ್ನು ಎಂಟನೆಯ ಕ್ಲಾಸಿಗೆ ಓದಿ ಹೇಳಿ, ಸಾಲುಗಳನ್ನು ಬೋರ್ಡಿನ ಮೇಲೆ ಬರೆಸಿದ್ದ. ತಮ್ಮ ಅಕ್ರಂ ನಲವತ್ತೇಳರಲ್ಲಿ ಕರಾಚಿಗೆ ಹೊರಟುಹೋದ ಮೇಲೆ, ಅದರ ಮಾರನೆಯ ವರ್ಷ ಹೈದರಾಬಾದಿನ ಗಲಾಟೆಯಲ್ಲಿ ಪೊಲೀಸಿನವನೊಬ್ಬ ಬಾಗಿಲಿಗೆ ಬಂದು ಅಲ್ಲಿ ನಿಮ್ಮ ನೆಂಟರು ಯಾರಿದ್ದಾರೆ ಎಂದು ಬರೆದುಕೊಂಡು ಹೋದ ಮೇಲೆ, ಯಾರೋ ತನ್ನ ಬೆನ್ನು ಸವರಿದಂತೆ ಅನ್ನಿಸಿದ್ದು ಆ ಹಾಳೆ ಓದಿದಾಗಲೇ. ಪಟ್ಟಿಯ ಮೊದಲನೆಯ ಸಾಲಿನಲ್ಲಿ ಅವನು ಬಾಬಯ್ಯನ ಹಬ್ಬವನ್ನೇ ಬರೆದ. ಹಿತ್ತಾಳೆಯ ಹಸ್ತ, ಕೆಂಡದ ಕುಣಿ, ಹುಲಿವೇಷ, ಎಲ್ಲ ಬರೆದ. ಯಾವ ಜನಾಂಗಕ್ಕೆ ಸೇರಿದ್ದು ಎಂಬ ಕೊನೆಯ ಅಂಕಣದ ಹತ್ತಿರ ಪೆನ್ನು ನಿಂತಿತು. ಅಂಕಣ ಒಂದೇ ಹೆಸರು ಹಿಡಿಯುವಷ್ಟು ಅಗಲವಿತ್ತು. ಅದನ್ನು ಖಾಲಿ ಬಿಟ್ಟು ಕಳಿಸಿದ.

ಖಾಲಿ ಬಿಟ್ಟದ್ದನ್ನು ತುಂಬಿಸಿಕೊಳ್ಳಲು ಆಗಸ್ಟಿನಲ್ಲಿ ಮೋಟಾರಿನಲ್ಲಿ ಜನ ಬಂದರು. ಒಬ್ಬ ನಮ್ಮ ಅಧಿಕಾರಿ, ಜರಿ ಪೇಟ, ಹೊಸ ಖಾದಿ ಕೋಟು. ಇನ್ನೊಬ್ಬ ಆ ಸಂಸ್ಥೆಯ ಕಡೆಯ ಬಿಳಿಯ, ಬಡಕಲು, ಮುಖದ ತುಂಬ ಕಂದು ಚುಕ್ಕೆ, ಮಾತಾಡುವಾಗ ಎದುರಿನವರ ತುಟಿಯನ್ನೇ ನೋಡುವ ಸೌಮ್ಯ ಮನುಷ್ಯ. ರಸೂಲ್ ಮೋಟಾರಿನ ಮುಂದಿನ ಸೀಟಿನಲ್ಲಿ ಕೂತು ದಾರಿ ತೋರಿಸಿದ. ಮುಂದಿನ ಸೀಟಿನಲ್ಲಿ ಕೂತದ್ದು ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ಅನುಗೊಂಡನಹಳ್ಳಿಯ ಅಂಗಡಿ ಬೀದಿಯಲ್ಲಿ ಗುರುತಿನವರು ಕಂಡಾಗ ಕಾಣದವನಂತೆ ಕೂತಿದ್ದ. ಹಳ್ಳಿಯಲ್ಲಿ ಪಿಳ್ಳಪ್ಪ ಕೈಮುಗಿದು ನಿಂತು, "ಚಂದ್ರ ಕಾಣ್ದೆ ಪೆಟ್ಟಿಗೆ ಇಳಿಸಾಕಿಲ್ಲ ಸ್ವಾಮಿ, ಹಬ್ಬಕ್ಕೆ ಬನ್ನಿ, ಕಣ್ ತುಂಬ ನೋಡೀರಂತೆ," ಎಂದ. ಅಧಿಕಾರಿ ರಸೂಲನ ಕಡೆ ನೋಡಿದರು. ರಸೂಲ್ ಪಿಳ್ಳಪ್ಪನನ್ನು ಪಕ್ಕಕ್ಕೆ ಕರೆದು, "ನಾನೇ ಓದಿಬಿಡ್ತೀನಲ್ಲ ಪಿಳ್ಳಪ್ಪಣ್ಣ, ಓದಿದ ಮೇಲೆ ದೋಷ ಎಲ್ಲಿಂದ ಬರುತ್ತೆ?" ಎಂದ. ಓದುವವರ ಮನೆಯವನೇ ಹಾಗೆಂದ ಮೇಲೆ ಪಿಳ್ಳಪ್ಪ ಇನ್ನೇನು ಮಾಡಿಯಾನು, ಏಣಿ ಹಾಕಿದ. ಪೆಟ್ಟಿಗೆ ಜಗಲಿಗೆ ಬಂತು. ಮನೆಯವರು ತಲೆ ಬಾಗಿಸಿ ನಿಂತರು. ರಸೂಲ್ ಕೂತು ಎರಡು ಕೈ ಎತ್ತಬೇಕು. ಎತ್ತಲು ಹೋದವನಿಗೆ ಅಧಿಕಾರಿಯ ಬೂಟು ಕಂಡಿತು. ಕೈ ಎತ್ತಲಿಲ್ಲ. ಗೋಡೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಳ್ಳುವವನ ಹಾಗೆ ಬರೀ ತುಟಿ ಆಡಿಸಿದ. ಒಂದು ಅಕ್ಷರವನ್ನೂ ಓದಲಿಲ್ಲ. "ಏನದು?" ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, "ಏನಿಲ್ಲ ಸರ್, ಈ ಜನದ ಸಮಾಧಾನಕ್ಕೆ," ಎಂದ ಇಂಗ್ಲಿಷಿನಲ್ಲಿ. ಮುಚ್ಚಳ ತೆಗೆದರು.

ಬಿಳಿಯ ಮನುಷ್ಯ ಮಂಡಿಯೂರಿ ಕೂತು, ಮುಟ್ಟದೆ, ಬಹಳ ಹೊತ್ತು ನೋಡಿದ. ಆಮೇಲೆ ಪುಸ್ತಕ ತೆಗೆದು, ಪೆನ್ಸಿಲು ಹಿಡಿದು, ಇದು ಯಾರದ್ದು ಎಂದು ಕೇಳಿದ. ರಸೂಲ್ ಬಾಯಿ ತೆಗೆಯುವುದರೊಳಗೆ ಅಧಿಕಾರಿ ನಕ್ಕು ಇಂಗ್ಲಿಷಿನಲ್ಲೇ ಅಂದರು. "ನಿಮ್ಮವರದ್ದೇನ್ರೀ ಮೇಷ್ಟ್ರೇ? ಹಾಗಿದ್ರೆ ಮೊದಲೇ ಹೇಳಿಬಿಡಿ. ಆಮೇಲೆ ನಿಮ್ಮ ತಮ್ಮ ಕರಾಚಿಯಿಂದ ಬಂದು ಇದರಲ್ಲೂ ಪಾಲು ಕೇಳಿಯಾನು!" ತಮಾಷೆಯೇ, ತಮಾಷೆಯಲ್ಲದೆ ಇನ್ನೇನು. ರಸೂಲನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ಅಕ್ರಂನ ವಿಷಯ ಇವರಿಗೆ ಹೇಗೆ ಗೊತ್ತು, ಯಾವ ಕಾಗದದಲ್ಲಿ ಬರೆದಿದೆ, ಇನ್ನೂ ಏನೇನು ಬರೆದಿದೆ ಎಂದು ಒಂದು ಕಡೆ ಎದೆ ಹೊಡೆದುಕೊಳ್ಳುತ್ತಿರುವಾಗ ಮುಖ ಮಾತ್ರ ಹಲ್ಲು ಕಿರಿಯುತ್ತಿತ್ತು. ಬಿಳಿಯವನು ನಗಲಿಲ್ಲ. ಅವನು ರಸೂಲನ ತುಟಿಯನ್ನೇ ನೋಡುತ್ತ, ಮೆಲ್ಲಗೆ, ದಾರಿ ಬಿಟ್ಟುಕೊಡುವವನ ಹಾಗೆ ಕೇಳಿದ: ಇದು ಈ ಮನೆಯವರದ್ದೂ ನಿಮ್ಮದೂ, ಇಬ್ಬರದ್ದೂ ಆಗಿರಬಹುದಲ್ಲವೆ? ಒಂದು ಕೈ ಬಾಬಯ್ಯನ ಕಡೆ, ಒಂದು ಕೈ ರಸೂಲನ ಕಡೆ ತೋರಿಸಿ ಕೇಳಿದ. ಹೌದು ಎಂದರೆ ಮುಗಿದುಹೋಗುತ್ತಿತ್ತು. ಅಷ್ಟು ದೂರದಿಂದ ಆ ಮನುಷ್ಯ ಆ ಒಂದು ಮಾತು ಕೇಳುವುದಕ್ಕೇ ಬಂದಿದ್ದ. ರಸೂಲ್ ತಲೆ ಅಲ್ಲಾಡಿಸಿದ. "ಇಲ್ಲ ಸರ್. ಇದು ಈ ಗೌಡರ ಮನೆಯ ದೇವರು. ನಮ್ಮ ಧರ್ಮದಲ್ಲಿ ಇಂಥದ್ದಕ್ಕೆ ಜಾಗವಿಲ್ಲ. ನಾನು ದಾರಿ ತೋರಿಸಲು ಬಂದವನು." ವ್ಯಾಕರಣ ತಪ್ಪಿಲ್ಲದ ಇಂಗ್ಲಿಷು. ಬಿಳಿಯವನ ಮುಖ ಚೂರು ಇಳಿಯಿತು. ಪೆನ್ಸಿಲಿನಲ್ಲಿ ಬರೆದುಕೊಂಡ.

ಅವರು ಮೋಟಾರಿನ ಹತ್ತಿರ ಹೋದಾಗ ಪಿಳ್ಳಪ್ಪನ ಹೆಂಡತಿ ಗಂಗಲಕ್ಷ್ಮಮ್ಮ ರಸೂಲನನ್ನು ಜಗಲಿಯಲ್ಲೇ ನಿಲ್ಲಿಸಿಕೊಂಡಿದ್ದಳು. ಆ ಮನೆಯಲ್ಲಿ ಅವನಿಗೆಂದೇ ಗೂಡಿನಲ್ಲಿ ಬೇರೆ ಇಟ್ಟ ಒಂದು ಗಾಜಿನ ಲೋಟವಿತ್ತು. ಅಬ್ಬಾ ಕುಡಿಯುತ್ತಿದ್ದದ್ದೂ ಅದರಲ್ಲೇ. ಅವತ್ತು ಅವಳು ಅದನ್ನು ತೆಗೆಯಲಿಲ್ಲ. ಒಳಗಿನಿಂದ ಮನೆಯವರು ಕುಡಿಯುವ ಕಂಚಿನ ಲೋಟದಲ್ಲಿ ಹಾಲು ತಂದಳು. "ನಾ ಬಾಗ್ಲ ಮರೇಲಿ ಎಲ್ಲಾ ನೋಡ್ತಿದ್ದೆ ಮೇಷ್ಟ್ರೇ. ಆ ಬಿಳೀ ದೊರೆ ಬಾಬಯ್ಯನ ಕಡೆ ಕೈ ತೋರ್ಸ್ದ, ನಿಮ್ ಕಡೆ ಕೈ ತೋರ್ಸ್ದ. ಕೊಟ್ಬಿಡ್ತೀರಾ ಅಂತ ಕೇಳ್ದ, ಅಲ್ವಾ? ನೀವು ಇಲ್ಲ ಅಂತ ತಲೆ ಅಲ್ಲಾಡ್ಸ್ಬಿಟ್ರಿ. ಅಂಥ ದೊಡ್ಡ ಮನುಸ್ರ ಮುಂದೆ ಇಲ್ಲ ಅನ್ನಾಕೆ ಗಂಡೆದೆ ಬೇಕು ಬಿಡಿ. ನಿಮ್ಮಪ್ಪನ ಮಗ ಅನ್ನಿಸ್ಕೊಂಡ್ರಿ." ರಸೂಲ್ ಹಾಲಿನ ಲೋಟ ಹಿಡಿದುಕೊಂಡು ನಿಂತ. ಅಲ್ಲಮ್ಮಾ, ನಾನು ಹೇಳಿದ್ದು ಅದಲ್ಲ, ಎನ್ನಲು ನಾಲಿಗೆ ತಿರುಗಬೇಕಾಗಿತ್ತು. ಮೋಟಾರು ಹಾರನ್ನು ಬಾರಿಸಿತು. ಅವನು ಹಾಲು ಕುಡಿದ. ಪೂರ್ತಿ ಕುಡಿದ, ಬೆಲ್ಲ ಹಾಕಿದ ಹಾಲು. ಥೂ, ಅದು ಗಂಟಲಲ್ಲಿ ಇಳಿದ ದಾರಿ ಇನ್ನೂ ಗೊತ್ತಾಗುತ್ತದೆ.

ಊರು ಒಂದು ಮೈಲಿಯಿರುವಾಗ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆದ. ಹೊತ್ತು ಕಳೆಯಲಿ ಎಂದು ಇಳಿದದ್ದು, ಏದುಸಿರು ಬಂತೆಂದು ತನಗೆ ತಾನೇ ಹೇಳಿಕೊಂಡ. ಅವರೆ ಹೂವಿನ ವಾಸನೆ ಬರುತ್ತಿತ್ತು. ಅವತ್ತು ಆದದ್ದು ಅಲ್ಲಿಗೇ ನಿಂತಿದ್ದರೆ ಅವನು ಮರೆತೂಬಿಡುತ್ತಿದ್ದನೇನೋ, ಮನುಷ್ಯ ಏನನ್ನು ತಾನೆ ಮರೆಯುವುದಿಲ್ಲ. ನಿಲ್ಲಲಿಲ್ಲ. ಸೀಮೆಯಲ್ಲಿ ಲೋಕದ ಜನಗಳ ಆಚಾರದ ವಸ್ತುಗಳದ್ದೊಂದು ದೊಡ್ಡ ಪ್ರದರ್ಶನವಂತೆ, ನಮ್ಮ ದೇಶದಿಂದ ಹೋಗುವ ಹತ್ತೊಂಬತ್ತು ವಸ್ತುಗಳಲ್ಲಿ ಇದೂ ಒಂದಂತೆ, ವಿಮಾನದಲ್ಲಿ ಹೋಗಿ ಹಬ್ಬದೊಳಗೆ ವಿಮಾನದಲ್ಲೇ ಬರುತ್ತದಂತೆ ಎಂದು ಸೆಪ್ಟೆಂಬರಿನಲ್ಲಿ ಅಪ್ಪಣೆ ಬಂತು. ಗೌಡರ ಮನೆಯ ದೇವರೆಂದು ದಾಖಲೆಯಾಗಿದ್ದರಿಂದ ಪಿಳ್ಳಪ್ಪನೊಬ್ಬನ ಹೆಬ್ಬೆಟ್ಟು ಸಾಕಾಗಿತ್ತು. ಪಿಳ್ಳಪ್ಪ ಒತ್ತಲಿಲ್ಲ. "ನಾನು ಇಡೋನು ಸ್ವಾಮಿ, ಓದೋರು ಹೂಂ ಅನ್ಬೇಕು," ಎಂದು ಹಟ ಹಿಡಿದು ಕೂತ. ಅಧಿಕಾರಿಗೆ ಅರ್ಥವಾಗಲಿಲ್ಲ. "ಓದೋರು ಅಂದರೆ ಯಾರು?" ಎಂದು ರಸೂಲನನ್ನು ಇಂಗ್ಲಿಷಿನಲ್ಲಿ ಕೇಳಿದರು. ಇನ್ನೊಂದು ಸಲ ದಾರಿ ತೆರೆದಿತ್ತು. ನಾನು ಸರ್, ನಾನು ಅವತ್ತು ಸುಳ್ಳು ಹೇಳಿದೆ, ಇದು ನನ್ನದೂ ಹೌದು, ನಾನು ಕೊಡುವುದಿಲ್ಲ. ಹನ್ನೆರಡು ಪದವೂ ಇಲ್ಲ. ಹೇಳಿದರೆ ಸುಳ್ಳು ಬರೆಸಿದವನೆಂದು ದಾಖಲೆಯಾಗುತ್ತದೆ, ತಮ್ಮನ ಹೆಸರಿರುವ ಕಾಗದದ ಪಕ್ಕದಲ್ಲೇ ಇನ್ನೊಂದು ಕಾಗದ ಸೇರುತ್ತದೆ, ನೌಕರಿ ಏನಾಗುತ್ತದೋ. ರಸೂಲ್ ಪಿಳ್ಳಪ್ಪನ ಕಡೆ ತಿರುಗಿ, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ, "ಒತ್ತಿ ಪಿಳ್ಳಪ್ಪಣ್ಣ. ಗೌರವದ ವಿಷಯ. ಲೋಕವೆಲ್ಲ ಬಾಬಯ್ಯನ್ನ ನೋಡುತ್ತೆ. ಚಂದ್ರ ಕಾಣೋದರೊಳಗೆ ನಾನೇ ಕರ್ಕೊಂಡು ಬರ್ತೀನಿ," ಎಂದ. ಪಿಳ್ಳಪ್ಪ ಒತ್ತಿದ. ಹೊಟ್ಟು ತುಂಬಿದ ಹಲಗೆ ಪೆಟ್ಟಿಗೆಯಲ್ಲಿ ಬಾಬಯ್ಯನನ್ನು ಅಂಗಾತ ಮಲಗಿಸಿ ಮೊಳೆ ಹೊಡೆಯುವಾಗ ಗಂಗಲಕ್ಷ್ಮಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾಗದದಲ್ಲಿದ್ದದ್ದು ಇಷ್ಟು. ವಸ್ತು ಬಹಳ ಮೆಚ್ಚುಗೆ ಗಳಿಸಿದೆ. ಪ್ರದರ್ಶನ ಮೂರು ವರ್ಷ ಊರಿಂದೂರಿಗೆ ತಿರುಗಲಿದೆ. ಆಮೇಲೆ ದೇಶದೇಶಗಳ ಸ್ನೇಹದ ಗುರುತಾಗಿ ಅಲ್ಲಿನ ವಸ್ತು ಸಂಗ್ರಹಾಲಯದಲ್ಲೇ ಕಾಯಂ ಆಗಿ ಇಡಲಾಗುವುದು. ಸಹಕರಿಸಿದ ತಮಗೆ ಇಲಾಖೆಯ ವಂದನೆಗಳು. ಜೊತೆಗೆ ಒಂದು ಫೋಟೊ. ಗಾಜಿನ ಬೀರು, ಒಳಗೆ ಕಪ್ಪು ಬಟ್ಟೆಯ ಮೇಲೆ ಹಸ್ತ, ಕೆಳಗೆ ಅಚ್ಚಾದ ಚೀಟಿ. ಭೂತಗನ್ನಡಿ ಹಿಡಿದು ರಸೂಲ್ ಚೀಟಿ ಓದಿದ್ದ: ಹಿಂದೂ ರೈತರ ಮನೆದೇವರು, ದಕ್ಷಿಣ ಭಾರತ. ಅವನೇ ಹೇಳಿದ ಮಾತು, ಅವನದೇ ಇಂಗ್ಲಿಷು. ತಪ್ಪು ಹುಡುಕಿದರೂ ಇರಲಿಲ್ಲ.

ಊರ ಬಾಯಿಗೆ ಬರುವಷ್ಟರಲ್ಲಿ ಸೂರ್ಯ ಮುಳುಗಿ ಪಡುವಣ ಕೆಂಪಗಿತ್ತು. ಇವತ್ತು ಯಾರಿಗೂ ಮುಖ ಕಾಣದಷ್ಟು ಕತ್ತಲಾದ ಮೇಲೆ ಹೋದರಾಯಿತು ಎಂದುಕೊಂಡು ಹುಣಿಸೆಮರದ ಕೆಳಗೆ ನಿಂತವನನ್ನು, ಮರದ ಹಿಂದೆ ಹಸು ಹೊಡೆದುಕೊಂಡು ಬರುತ್ತಿದ್ದ ಬೈರಣ್ಣ ಕಂಡುಬಿಟ್ಟ. ಪ್ರತಿ ವರ್ಷ ಬಾಬಯ್ಯನ ಮುಂದೆ ತಮಟೆ ಬಾರಿಸುವವನು ಅವನೇ. ಸೈಕಲ್ಲು ನೋಡಿದ, ಕ್ಯಾರಿಯರಿನ ಮೇಲಿನ ಹಸಿರು ಗಂಟು ನೋಡಿದ. "ಅಯ್ಯಯ್ಯಪ್ಪೋ, ಬಾಬಯ್ಯ ಬಂದವ್ರೆ! ಮೇಷ್ಟ್ರು ಕರ್ಕೊಂಡ್ ಬಂದವ್ರೆ ಕಣ್ರಲಾ!" ಎಂದು ಹಸು ಬಿಟ್ಟು ಊರೊಳಕ್ಕೆ ಓಡಿದ. "ಲೋ ಬೈರಣ್ಣ, ನಿಲ್ಲೋ, ಅದಲ್ಲ ಕಣೋ," ಎಂದ ರಸೂಲನ ದನಿ ಅವನಿಗೇ ಕೇಳಿಸಲಿಲ್ಲ. ಹಿಂದಕ್ಕೆ ತಿರುಗಿ ಓಡಿಹೋಗೋಣವೆ? ನಲವತ್ತೆರಡು ವರ್ಷದ ಮೇಷ್ಟ್ರು ಸೈಕಲ್ಲು ಹತ್ತಿ ರಾಗಿ ಹೊಲದ ನಡುವೆ ಓಡಿಹೋಗುವ ಚಿತ್ರ ಕಣ್ಣಿಗೆ ಕಟ್ಟಿ ಅಂಥ ಹೊತ್ತಿನಲ್ಲೂ ನಗು ಬಂತು. ತಮಟೆ ಶುರುವಾಗಿಬಿಟ್ಟಿತ್ತು.

ಬೀದಿ ಗುಡಿಸಿ ನೀರು ಚಿಮುಕಿಸಿದ್ದರು. ಹಬ್ಬದಲ್ಲಿ ಬಾಬಯ್ಯನನ್ನು ಕೂರಿಸುವ ಗುಡಿಗೆ ಹೊಸ ಸುಣ್ಣ ಬಿದ್ದಿತ್ತು, ಮುಂದೆ ಕೆಂಡದ ಕುಣಿಗೆ ಗುದ್ದಲಿ ಹಾಕಲು ಗುಂಡಗೆ ಗೆರೆ ಎಳೆದಿತ್ತು. ಹೆಂಗಸರು, ಗಂಡಸರು, ಸೊಂಟದ ಮೇಲಿನ ಕೂಸುಗಳು, ಇಡೀ ಊರು ಅವನ ಸೈಕಲ್ಲನ್ನು ಸುತ್ತಿಕೊಂಡಿತು. ಗಂಗಲಕ್ಷ್ಮಮ್ಮ ತಂಬಿಗೆಯಲ್ಲಿ ನೀರು ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದೂರದಿಂದ ಬಂದವರ ಕಾಲು ತೊಳೆಯುವ ಹಾಗೆ ಸೈಕಲ್ಲಿನ ಹಿಂದಿನ ಗಾಲಿಯ ಮೇಲೆ ನೀರು ಸುರಿದಳು. ಧೂಳು ಕರಗಿ ಕೆಂಪು ನೀರು ಹರಿಯಿತು. "ದಣಿದು ಬಂದ್ಬಿಟ್ರಾ ನಮ್ಮಪ್ಪ," ಎಂದು ಗಂಟಿನ ಕಡೆ ನೋಡಿ ಕೈಮುಗಿದಳು. ಯಾರೋ ಗಾಲಿಗೆ ಚೆಂಡುಹೂವಿನ ಎಸಳು ಹಾಕಿದರು. ರಸೂಲ್ ಹ್ಯಾಂಡಲ್ಲು ಹಿಡಿದುಕೊಂಡೇ ಇದ್ದ. ನೆಲ ಬಾಯಿ ಬಿಡಬಾರದೆ ಎನ್ನುತ್ತಾರಲ್ಲ, ಬರೀ ಮಾತು ಎಂದುಕೊಂಡಿದ್ದ ಇಷ್ಟು ದಿನ.

"ಬಂದಿಲ್ಲ," ಎಂದ. ತಮಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಕೈ ಎತ್ತಿ ತಮಟೆ ನಿಲ್ಲಿಸಿ ಇನ್ನೊಂದು ಸಲ ಹೇಳಬೇಕಾಯಿತು. "ಬಾಬಯ್ಯ ಬಂದಿಲ್ಲ. ಗಂಟಲ್ಲಿರೋದು ಬರೀ ಬಟ್ಟೆ. ಕಾಗದ ಬಂದಿದೆ. ಅಲ್ಲೇ ಇಟ್ಟುಕೊಳ್ತಾರಂತೆ." ತಂಬಿಗೆ ಹಿಡಿದ ಗಂಗಲಕ್ಷ್ಮಮ್ಮ ಒಮ್ಮೆ ಗಂಟನ್ನು, ಒಮ್ಮೆ ಒದ್ದೆಯಾದ ಗಾಲಿಯನ್ನು ನೋಡಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಎಷ್ಟು ದಿನ?" ಎಂದು ಯಾರೋ ಕೇಳಿದ್ದಕ್ಕೆ "ಕಾಯಂ" ಎಂದ. ಆ ಮಾತು ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಪಿಳ್ಳಪ್ಪ ಅವನ ತೋಳು ಹಿಡಿದು ಗುಡಿಯ ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಈಗ, ಎಂದಿತು ಒಳಗಿನ ದನಿ. ರಸೂಲ್ ಉಸಿರು ಎಳೆದುಕೊಂಡು, "ಪಿಳ್ಳಪ್ಪಣ್ಣ, ಅವತ್ತು ಆ ದೊರೆ ಕೇಳಿದ್ದು ಕೊಡ್ತೀರಾ ಅಂತ ಅಲ್ಲ. ನಾನು ಇಲ್ಲ ಅಂದದ್ದು..." ಎಂದು ಶುರುಮಾಡಿದ. ಪಿಳ್ಳಪ್ಪ ಮುಂದಕ್ಕೆ ಬಿಡಲಿಲ್ಲ. "ಬಿಡಿ ಮೇಷ್ಟ್ರೇ, ನೀವು ಯಾಕೆ ನೊಂದ್ಕೊಂತೀರಾ. ನೀವು ಮೊದ್ಲೇ ಇಲ್ಲ ಅಂದಿದ್ರಿ. ನನ್ ಹೆಂಡ್ತಿ ಊರಿಗೆಲ್ಲಾ ಹೇಳವ್ಳೆ. ಆಮ್ಯಾಕೆ ಹೂಂ ಅಂದ್ರಲ್ಲ, ಅದು ಸರ್ಕಾರದ ಅನ್ನ ತಿನ್ನೋರು, ಬೇರೆ ದಾರಿ ಇಲ್ದೆ ಅಂದ್ರಿ. ನಂಗೇನ್ ಅಷ್ಟೂ ತಿಳಿಯಾಕಿಲ್ವಾ? ಹೆಬ್ಬೆಟ್ಟು ಒತ್ತಿದೋನು ನಾನು. ಇಡೋ ಮನೆಯೋನಾಗಿ ಇಟ್ಕೊಳ್ಳಾಕೆ ಆಗ್ಲಿಲ್ಲ ನನ್ ಕೈಲಿ." ಎಂದು ತನ್ನ ಹೆಬ್ಬೆರಳನ್ನು ಎತ್ತಿ ನೋಡಿಕೊಂಡ. ಅವನ ಕಣ್ಣು ತುಂಬಿತ್ತು. ತಪ್ಪೆಲ್ಲ ತನ್ನದೆಂದು ಹೊತ್ತುಕೊಂಡವನ ಮುಂದೆ ಅಲ್ಲ ನನ್ನದು ಎನ್ನುವುದಕ್ಕೆ ಎರಡರಷ್ಟು ಧೈರ್ಯ ಬೇಕು, ಇದ್ದ ಒಂದರಷ್ಟನ್ನು ರಸೂಲ್ ಆಗಲೇ ಖರ್ಚು ಮಾಡಿದ್ದ. ಬಾಯಿ ಮುಚ್ಚಿಕೊಂಡ. ನಾಚಿಕೆಗೆಟ್ಟವನೇ ಎಂದು ತನ್ನನ್ನು ತಾನೇ ಬೈದುಕೊಂಡ, ಆ ಬೈಗುಳದಲ್ಲೂ ಒಂದು ನೆಮ್ಮದಿಯಿತ್ತು.

"ಚಂದ್ರ!" ಎಂದು ಕೂಗಿದರು. ಕೆಂಪು ಆರಿದ ಕಡೆ ಉಗುರಿನಷ್ಟು ಕಂಡಿತು. ಏನು ಮಾಡುವುದೆಂದು ಒಂದು ಗಳಿಗೆ ಯಾರಿಗೂ ತೋಚಲಿಲ್ಲ. ಆಮೇಲೆ ಪಿಳ್ಳಪ್ಪ, "ಹಬ್ಬ ನಿಲ್ಲಿಸಾಕಾಯ್ತದಾ? ಬಿದಿರು ನಿಲ್ಸಿ," ಎಂದ. ಬಾಬಯ್ಯನನ್ನು ಕೂರಿಸುತ್ತಿದ್ದ ಬಿದಿರ ಗಳುವನ್ನು ಬರಿದೇ ನೆಟ್ಟರು. ಅನ್ವರ್ ಬೇಗಂ ಜರಿ ಹಚ್ಚಿದ ಹಸಿರು ಬಟ್ಟೆಯನ್ನು ಅದರ ತುದಿಗೆ ಕಟ್ಟಿದರು. ಹಸ್ತವಿದ್ದರೆ ಬಟ್ಟೆ ಭುಜದಂತೆ ಹರಡಿ ನಿಲ್ಲುತ್ತಿತ್ತು, ಈಗ ಗಳುವಿಗೆ ಸುತ್ತಿಕೊಂಡು ಕೆಳಕ್ಕೆ ಜೋತುಬಿತ್ತು. ಸಾಂಬ್ರಾಣಿ ಹಾಕಿದರು, ಸಕ್ಕರೆ ತಟ್ಟೆ ಇಟ್ಟರು, ಎಲ್ಲರೂ ಅವನ ಕಡೆ ನೋಡಿದರು. ರಸೂಲ್ ಕೂತು ಎರಡು ಕೈ ಎತ್ತಿದ. ಬರೀ ಬಿದಿರಿನ ಮುಂದೆ ಓದಿದ. ಒಂದೊಂದು ಅಕ್ಷರವನ್ನೂ ಜೋರಾಗಿ ಓದಿದ. ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಯಾರೋ ಮುದುಕಿ, "ಅವರಪ್ಪ ಓದ್ದಂಗೇ ಐತೆ ನೋಡಮ್ಮಿ," ಎಂದದ್ದು ಕಿವಿಗೆ ಬಿತ್ತು. ಅಲ್ಲ ಕಣಮ್ಮ, ಎಂದುಕೊಂಡ, ಇದು ಬೇರೆ ನೀರು.

ಸಕ್ಕರೆ ಹಂಚುತ್ತ ಬಂದಾಗ ಗಂಗಲಕ್ಷ್ಮಮ್ಮ ಅಂಗೈ ಒಡ್ಡಿದಳು. ಸಕ್ಕರೆ ಹಾಕಿಸಿಕೊಂಡು, ಬಾಯಿಗೆ ಹಾಕಿಕೊಳ್ಳದೆ ನಿಂತಳು.

"ಮೇಷ್ಟ್ರೇ, ಅಲ್ಲೂ ಇವತ್ತೇ ಚಂದ್ರ ಕಾಣ್ತದಾ?"

"ಕಾಣುತ್ತೆ ಅಕ್ಕ. ಚಂದ್ರ ಎಲ್ಲಾ ಕಡೆಗೂ ಒಂದೇ ಅಲ್ವಾ."

"ಹಂಗಾರೆ ಅಲ್ಲಿ ಅವ್ರಿಗೆ ಓದೋರು ಯಾರವ್ರೆ?"

ರಸೂಲನ ಕಣ್ಣಿಗೆ ಗಾಜಿನ ಬೀರು ಕಂಡಿತು, ಕಪ್ಪು ಬಟ್ಟೆ, ಚೀಟಿ. ಅದರ ಮುಂದೆ ಟೋಪಿ ಕೈಯಲ್ಲಿ ಹಿಡಿದು ಸರಿದುಹೋಗುವ ಜನ. ಆ ಊರಲ್ಲಿ ಒಬ್ಬ ಮುಸಲ್ಮಾನ ದಾರಿ ತಪ್ಪಿ ಒಳಗೆ ಬಂದರೂ, ಚೀಟಿ ಓದಿ, ಇದು ನಮ್ಮದಲ್ಲ ಎಂದು ಮುಂದಕ್ಕೆ ಹೋಗುತ್ತಾನೆ. ಹಾಗೆ ಹೋಗಲೆಂದೇ ಬರೆದಿದೆ. ಗಂಗಲಕ್ಷ್ಮಮ್ಮ ಅವನ ಮುಖ ನೋಡುತ್ತಿದ್ದಳು. ಅವಳ ಹಿಂದೆ ಪಿಳ್ಳಪ್ಪ, ಬೈರಣ್ಣ, ಎಲ್ಲರೂ ಅಂಗೈಯ ಸಕ್ಕರೆ ಹಾಗೇ ಹಿಡಿದುಕೊಂಡು ಕಾಯುತ್ತಿದ್ದರು.

"ಅವ್ರೆ ಅಕ್ಕ," ಎಂದ. ಅವರ ಮಾತಿನಲ್ಲೇ ಎಂದ. "ಅಲ್ಲೂ ನಮ್ಮೋರು ಅವ್ರೆ. ಅದು ನಮ್ದು ಅಂತ ಅಲ್ಲಿ ಎಲ್ಲಾರ್ಗೂ ಗೊತ್ತು."

ನಿಜವಾಗಿದ್ದಾಗ ಒಂದು ಸಲವೂ ಹೊರಡದಿದ್ದ ಮಾತು, ಸುಳ್ಳಾದ ಮೇಲೆ ತಡವರಿಸದೆ ಬಂದುಬಿಟ್ಟಿತು.

"ಅಷ್ಟಾದ್ರೆ ಸಾಕು ಬಿಡಿ," ಎಂದು ಅವಳು ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡಳು. ಪಿಳ್ಳಪ್ಪ ಹಿಂದಕ್ಕೆ ತಿರುಗಿ, ದೂರ ನಿಂತವರಿಗೂ ಕೇಳಿಸಲಿ ಎಂದು ದನಿ ಎತ್ತಿ ಹೇಳಿದ: "ಕೇಳಿದ್ರೇನ್ರಲಾ, ಅಲ್ಲೂ ಓದೋರು ಅವ್ರಂತೆ! ಮೇಷ್ಟ್ರೇ ಹೇಳ್ತಾವ್ರೆ!" ಮಾತು ಬಾಯಿಂದ ಬಾಯಿಗೆ ಬೀದಿಯ ಕೊನೆಯವರೆಗೆ ಹೋಯಿತು. ಬೈರಣ್ಣ ತಮಟೆಯನ್ನು ಬೆಂಕಿಗೆ ಕಾಯಿಸಿ ಬಡಿಯತೊಡಗಿದ.